ಲ್ಯಾಬಿನ ಕಸದ ಪಾಠ ಮೊದಲು ಯಾರಿಗೆ?

ಪ್ರಶ್ನೆ: ಸರ್, ಉಡುಪಿಯ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನ ಉಸ್ತುವಾರಿ ನನ್ನದು. ರಕ್ತ, ಮೂತ್ರ, ಕಫದ ಪರೀಕ್ಷೆ ಮಾಡುತ್ತೇವೆ. ಚಿಕ್ಕ ಬಯಾಪ್ಸಿ ವಿಭಾಗವೂ ಇದೆ. ಟೆಕ್ನಿಷಿಯನ್, ಅಟೆಂಡರ್, ಕ್ಲೀನಿಂಗ್‌ನವರು ಎಲ್ಲ ಸೇರಿ 14 ಜನ. ಕಸ ವಿಲೇವಾರಿ ಬಗ್ಗೆ ವರ್ಷಕ್ಕೊಮ್ಮೆ ಎರಡು ಗಂಟೆ ತರಬೇತಿ ಕೊಡಿಸುತ್ತೇವೆ. ಇಂಗ್ಲಿಷ್ ಸ್ಲೈಡ್ ತೋರಿಸುತ್ತಾರೆ, ಎಲ್ಲರೂ ಸಹಿ ಹಾಕುತ್ತಾರೆ, ಫೋಟೋ ತೆಗೆದು ಫೈಲಿಗೆ ಸೇರಿಸುತ್ತೇವೆ. ಕಳೆದ ತಿಂಗಳು ನಮ್ಮ ಕ್ಲೀನಿಂಗ್ ಅಕ್ಕ ಹಿಂದಿನ ಕೋಣೆಯಲ್ಲಿ ಜಾಗ ಮಾಡಲು ಅರ್ಧರ್ಧ ತುಂಬಿದ್ದ ಎರಡು ಕ್ಯಾನ್‌ಗಳನ್ನು ಒಂದಕ್ಕೇ ಸುರಿದರು. "ಕೆಂಪು-ನೀಲಿ ನೀರಿನ ಬಣ್ಣ ಕಣ್ಣೆದುರೇ ಹೋಯ್ತು, ಘಾಟು ಬಂತು, ಉಸಿರು ಕಟ್ಟಿತು" ಅಂತಾರೆ. ಆಸ್ಪತ್ರೆಯಲ್ಲಿ ಒಂದು ದಿನ ಇದ್ದು ಬಂದರು. ಆಮೇಲೆ ವಿಚಾರಿಸಿದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಹಳೇ ಅಟೆಂಡರ್, "20 ವರ್ಷದಿಂದ ಎಲ್ಲ ಸಿಂಕಿಗೇ ಸುರಿದದ್ದು, ಏನಾಗಿದೆ?" ಎನ್ನುತ್ತಾರೆ. ಒಬ್ಬ ಟೆಕ್ನಿಷಿಯನ್, "ಹೈಪೋ (ರೋಗಾಣು ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಹಾಕಿದ್ರೆ ಎಲ್ಲ ಸೇಫ್" ಎನ್ನುತ್ತಾನೆ. ಯಜಮಾನರು, ತರಬೇತಿಯವರನ್ನು ಇನ್ನೊಮ್ಮೆ ಕರೆಸೋಣ ಎನ್ನುತ್ತಿದ್ದಾರೆ. ನಿಜವಾಗಿ ಏನು ಕಲಿಸಬೇಕು? ಯಾರಿಗೆ? ಹೇಗೆ? ಆ ಅಕ್ಕ ಈಗ ಆ ಕೋಣೆಗೆ ಕಾಲಿಡಲೂ ಹೆದರುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಆ ಅಕ್ಕನ ಮಾತಿನಿಂದಲೇ ಶುರು ಮಾಡೋಣ. ನಿಮ್ಮ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಉಪಯೋಗದ ಮಾಹಿತಿ ಕೊಟ್ಟವರು ಅವರೇ.

ಕಫದ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಂಪು-ನೀಲಿ ನೀರು ಅಂದರೆ ಬಹುತೇಕ ಕ್ಷಯದ ಸ್ಲೈಡ್ ತೊಳೆದ ನೀರು. ಕೆಂಪು ಬರುವುದು ಕಾರ್ಬಾಲ್ ಫುಕ್ಸಿನ್‌ನಿಂದ, ನೀಲಿ ಮಿಥಿಲೀನ್ ಬ್ಲೂನಿಂದ. ಇವೆರಡರ ನಡುವೆ ಬಣ್ಣ ಕಳೆಯಲು ಹಾಕುವುದು ಶೇ. 25ರ ಸಲ್ಫ್ಯೂರಿಕ್ ಆ್ಯಸಿಡ್, ಕೆಲವು ಕಡೆ ಆ್ಯಸಿಡ್-ಆಲ್ಕೋಹಾಲ್. ಸ್ಲೈಡ್ ರ್‍ಯಾಕಿನ ಕೆಳಗಿನ ಟ್ರೇಯಲ್ಲಿ ಮೂರೂ ಸೇರಿ ಕ್ಯಾನ್‌ಗೆ ಹೋಗುತ್ತವೆ. ಅದು ನೋಡಲು ಬಣ್ಣದ ನೀರು, ಒಳಗೆ ಆ್ಯಸಿಡ್. ಇನ್ನೊಂದು ಕ್ಯಾನ್‌ನಲ್ಲಿ ಇದ್ದದ್ದು ಹೈಪೋ ಇರಬೇಕು. ಬಣ್ಣ ಮಾಯವಾದದ್ದೇ ಅದಕ್ಕೆ ಸಾಕ್ಷಿ. ಹೈಪೋ ಅಂದರೆ ಬ್ಲೀಚ್, ಬಣ್ಣ ತಿನ್ನುವುದು ಅದರ ಹುಟ್ಟುಗುಣ. ಅದಕ್ಕೆ ಆ್ಯಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲಕ್ಕೆ ಏರಿ ಕಿಟಕಿಯಿಂದ ಹೋಗಿಬಿಡುವುದಿಲ್ಲ, ನೆಲದ ಹತ್ತಿರವೇ ಹರಡುತ್ತದೆ. ಬಗ್ಗಿ ಸುರಿಯುತ್ತಿದ್ದವರ ಮುಖ ಎಲ್ಲಿತ್ತು ಹೇಳಿ?

ಆಸ್ಪತ್ರೆಯವರು ಒಂದು ದಿನ ಇರಿಸಿಕೊಂಡದ್ದು ಸರಿಯಾಯಿತು. ಕ್ಲೋರಿನ್ ಜಾಸ್ತಿ ಎಳೆದುಕೊಂಡರೆ ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು. "ಈಗ ಆರಾಮ ಇದೆ, ಮನೆಗೆ ಹೋಗ್ತೇನೆ" ಎಂದು ಬಸ್ ಹತ್ತಿಸುವ ಸಂದರ್ಭ ಅದಲ್ಲ. ಈಗಲೂ ಕೆಮ್ಮು, ಎದೆ ಬಿಗಿತ ಉಳಿದಿದ್ದರೆ ಇನ್ನೊಮ್ಮೆ ವೈದ್ಯರಿಗೆ ತೋರಿಸಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಪ್ಪು ಯಾರದ್ದು? ನಿಮ್ಮ ಲ್ಯಾಬಿನಲ್ಲಿ ಎಲ್ಲರ ಬೆರಳು ಆ ಅಕ್ಕನ ಕಡೆಗೇ ಹೋಗಿರುತ್ತದೆ. "ಅವರಿಗೆ ಸರಿಯಾಗಿ ಟ್ರೈನಿಂಗ್ ಆಗಿಲ್ಲ" ಎಂದು ಯಾರಾದರೂ ಹೇಳಿಯೂ ಇರುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆ ಎರಡು ಕ್ಯಾನ್‌ಗಳ ಮೇಲೆ ಏನು ಬರೆದಿತ್ತು? ಬಹುಶಃ ಒಂದರ ಮೇಲೆ ಏನೂ ಇಲ್ಲ, ಇನ್ನೊಂದರ ಮೇಲೆ 'ವೇಸ್ಟ್'. ಹೆಸರಿಲ್ಲದ ಎರಡು ಕ್ಯಾನ್ ನೋಡಿದವರು ಎರಡೂ ಒಂದೇ ಎಂದುಕೊಂಡರೆ ಅದರಲ್ಲೇನು ತಪ್ಪು? ಹೆಸರು ಬರೆಯಬೇಕಾದವರು ಅದರೊಳಗೆ ಮೊದಲ ಸಲ ಸುರಿದವರು, ಅಂದರೆ ನಿಮ್ಮ ಟೆಕ್ನಿಷಿಯನ್‌ಗಳು. ಪಾಠ ಮೊದಲು ಬೇಕಾದದ್ದು ಕಸ ಹೊರುವವರಿಗಲ್ಲ, ಕಸ ಮಾಡುವವರಿಗೆ.

ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಜೀರಿಗೆ ಇರುತ್ತದೆ, ಬಿಸ್ಕೆಟ್ ಡಬ್ಬಿಯಲ್ಲಿ ಸೂಜಿದಾರ ಇರುತ್ತದೆ. ಮನೆಯವರಿಗೆಲ್ಲ ಗೊತ್ತು, ತೊಂದರೆ ಇಲ್ಲ. ಲ್ಯಾಬಿನವರೂ ಇದೇ ಅಭ್ಯಾಸದಲ್ಲಿ ಬೆಳೆದವರು. "ಆ ಮೂಲೆಯ ಬಿಳಿ ಕ್ಯಾನ್ ಕ್ಸೈಲೀನ್‌ದು, ಎಲ್ರಿಗೂ ಗೊತ್ತುಂಟು" ಎನ್ನುತ್ತಾರೆ (ಕ್ಸೈಲೀನ್ ಅಂದರೆ ಬಯಾಪ್ಸಿ ಸ್ಲೈಡ್ ತಯಾರಿಗೆ ಬಳಸುವ, ಬೇಗ ಹೊತ್ತಿಕೊಳ್ಳುವ ದ್ರವ). ಆ 'ಎಲ್ಲರಲ್ಲಿ' ಕಸ ಎತ್ತುವವರು ಇರುವುದಿಲ್ಲ. ಮೊನ್ನೆ ಸೇರಿದ ಹುಡುಗಿ ಇರುವುದಿಲ್ಲ. ರಾತ್ರಿ ಹೊಗೆ ಕಂಡು ಓಡಿ ಬರುವ ವಾಚ್‌ಮನ್ ಇರುವುದಿಲ್ಲ.

ನಾನು ಇದನ್ನು ಮೇಲೆ ನಿಂತು ಹೇಳುತ್ತಿಲ್ಲ. ಸುಮಾರು 25 ವರ್ಷದ ಹಿಂದೆ ಮಂಗಳೂರಿನ ಒಂದು ಲ್ಯಾಬಿನಲ್ಲಿ ಹೊಸದಾಗಿ ಸೇರಿದ್ದೆ. ಮೇಜಿನ ಕೆಳಗೆ ಎರಡೂವರೆ ಲೀಟರಿನ ಕಂದು ಗಾಜಿನ ಬಾಟ್ಲಿ, ಅದರ ಮೇಲೆ ಬಿಳಿ ಟೇಪು, ಟೇಪಿನ ಮೇಲೆ 'ವೇಸ್ಟ್'. ಒಳಗೆ ಬಳಸಿದ ನೈಟ್ರಿಕ್ ಆ್ಯಸಿಡ್ ಇತ್ತು. ನನಗೆ ಗೊತ್ತಿರಲಿಲ್ಲ. ಬೀಕರ್‌ಗಳನ್ನು ಅಸಿಟೋನ್‌ನಲ್ಲಿ ಕುಲುಕಿ ತೊಳೆದು ಆ ತೊಳೆದದ್ದನ್ನು ಅದಕ್ಕೇ ಹಾಕಿದೆ. ವಾಸನೆ ಬರಬಾರದೆಂದು ಮುಚ್ಚಳವನ್ನೂ ಗಟ್ಟಿಯಾಗಿ ತಿರುಗಿಸಿದೆ. ಊಟಕ್ಕೆ ಹೋದೆವು. ಮರಳಿ ಬಂದು ನೋಡಿದರೆ ಬಾಟ್ಲಿ ಇಲ್ಲ. ಮೇಜಿನ ಕೆಳಗಿನ ಹಲಗೆ ಕರಗಿದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಎದುರಿನ ಮರದ ಬಾಗಿಲಿಗೆ, ನನ್ನ ಸೊಂಟದ ಎತ್ತರಕ್ಕೆ, ಗಾಜಿನ ಚೂರುಗಳು ನೆಟ್ಟಿದ್ದವು. ಊಟದ ಹೊತ್ತಾದ್ದರಿಂದ ಯಾರೂ ಇರಲಿಲ್ಲ. ನೈಟ್ರಿಕ್ ಆ್ಯಸಿಡ್‌ಗೆ ಅಸಿಟೋನ್, ಸ್ಪಿರಿಟ್ ಇಂಥದ್ದು ಸೇರಿದರೆ ಕೂಡಲೇ ಏನೂ ಆಗದಿರಬಹುದು. ಸ್ವಲ್ಪ ಹೊತ್ತು ತಣ್ಣಗೆ ಕೂತು, ಆಮೇಲೆ ಬಿಸಿಯಾಗಿ, ಅನಿಲ ಬಿಟ್ಟು ಒಡೆಯುತ್ತದೆ. ಸುರಿದವರು ಅಷ್ಟರಲ್ಲಿ ಅಲ್ಲಿರುವುದಿಲ್ಲ, ಬೇರೆ ಯಾರೋ ಇರುತ್ತಾರೆ. ನಾನು ಎಂಎಸ್ಸಿ ಮಾಡಿದವನು. ಈ ರಿಯಾಕ್ಷನ್ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬಾಟ್ಲಿಯ ಮೇಲೆ ಹೆಸರು ಇರಲಿಲ್ಲ, ಅಷ್ಟೇ.

ಇನ್ನು ನಿಮ್ಮಲ್ಲಿ ಓಡಾಡುತ್ತಿರುವ ಮಾತುಗಳು. ಇವನ್ನು ಸುಮ್ನೆ ತಳ್ಳಿಹಾಕಬೇಡಿ. ಪ್ರತಿಯೊಂದರಲ್ಲೂ ಅರ್ಧ ಸತ್ಯ ಇದೆ, ಅದಕ್ಕೇ ಗಟ್ಟಿಯಾಗಿ ನಿಂತಿವೆ.

"ಹೈಪೋ ಹಾಕಿದ್ರೆ ಸೇಫ್." ರೋಗಾಣುಗಳ ಮಟ್ಟಿಗೆ ಹೌದು. ಹೈಪೋ ಕೊಲ್ಲುವುದು ಜೀವ ಇರುವುದನ್ನು. ಫಾರ್ಮಲಿನ್, ಕ್ಸೈಲೀನ್, ಆ್ಯಸಿಡ್ ಇವಕ್ಕೆ ಜೀವ ಇಲ್ಲವಲ್ಲ! ಅವುಗಳ ಜೊತೆ ಹೈಪೋ ಸೇರಿಸಿದರೆ ಒಂದು ಅಪಾಯ ಎರಡಾಗುತ್ತದೆ. ಅಮೋನಿಯಾ ಇರುವ ಕ್ಲೀನರುಗಳಿಗೂ ಹೈಪೋ ಆಗದು, ಕ್ಲೋರಮೈನ್ ಎಂಬ ಇನ್ನೊಂದು ಕೆಟ್ಟ ಅನಿಲ ಬರುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅಂತೂ ನಿಮ್ಮ ಅಕ್ಕನಿಗೆ ಆದದ್ದನ್ನೇ ಮತ್ತೆ ಮಾಡುತ್ತದೆ. ರೋಗಾಣು ಕೊಲ್ಲುವ ಕೆಲಸದಲ್ಲೂ ಹೈಪೋ ಶಾಶ್ವತ ಅಲ್ಲ. ಶೆಕೆ, ಬೆಳಕು ಎರಡೂ ಅದರ ಶಕ್ತಿ ಇಳಿಸುತ್ತವೆ. ನಮ್ಮ ಕರಾವಳಿಯ ಮೇ ತಿಂಗಳಲ್ಲಿ ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟ ಕ್ಯಾನ್‌ನ ಮೇಲೆ ಶೇ. 5 ಎಂದು ಬರೆದಿದ್ದರೂ ಒಳಗೆ ಅಷ್ಟು ಉಳಿದಿರುವುದಿಲ್ಲ. ಬೇಕಾದಷ್ಟನ್ನು ದಿನಾ ಬೆಳಿಗ್ಗೆ ಹೊಸದಾಗಿ ಕಲಸಿ. ಶೇ. 5ರದ್ದು ಒಂದು ಲೀಟರಿಗೆ ನಾಲ್ಕು ಲೀಟರ್ ನೀರು, ಶೇ. 10ರದ್ದಾದರೆ ಒಂಬತ್ತು ಲೀಟರ್. ಆಗ ಶೇ. 1 ಸಿಗುತ್ತದೆ. ಈ ಲೆಕ್ಕ ನಿಮ್ಮ ಟೆಕ್ನಿಷಿಯನ್‌ಗಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಎಂದು ನಾಳೆ ಕೇಳಿ ನೋಡಿ.

"20 ವರ್ಷದಿಂದ ಸಿಂಕಿಗೆ ಸುರಿದದ್ದು." ಏನಾಗಿದೆ ಎಂದು ಕೇಳುವವರು ಸಿಂಕಿನ ಬಾಯಿ ಮಾತ್ರ ನೋಡಿದ್ದಾರೆ, ಪೈಪಿನ ಆ ತುದಿ ನೋಡಿಲ್ಲ. ನಿಮ್ಮ ಕಟ್ಟಡದ ನೀರು ಎಲ್ಲಿಗೆ ಹೋಗುತ್ತದೆ? ಒಳಚರಂಡಿಗಾ, ಸೆಪ್ಟಿಕ್ ಟ್ಯಾಂಕಿಗಾ, ಇಂಗುಗುಂಡಿಗಾ? ನಮ್ಮೂರಲ್ಲಿ ಮನೆಗೊಂದು ಬಾವಿ. ಕೆಳಗಿರುವುದು ಮುರಕಲ್ಲು, ತೂತು ತೂತು. ಇಂಗುಗುಂಡಿಗೆ ಹೋದದ್ದು ಪಕ್ಕದ ಮನೆಯ ಬಾವಿಗೆ ದಾರಿ ಹುಡುಕದೆ ಇರುತ್ತದಾ? ಸೆಪ್ಟಿಕ್ ಟ್ಯಾಂಕ್ ನಡೆಯುವುದೇ ಬ್ಯಾಕ್ಟೀರಿಯಾಗಳಿಂದ. ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ಆ ಬ್ಯಾಕ್ಟೀರಿಯಾಗಳನ್ನು ಬಿಡುವುದಿಲ್ಲ. ಕ್ಸೈಲೀನ್ ಕಥೆಯೇ ಬೇರೆ. ಎಷ್ಟು ನೀರು ಬಿಟ್ಟರೂ ಅದು ನೀರಿನಲ್ಲಿ ಸೇರುವುದಿಲ್ಲ, ಎಣ್ಣೆಯ ಹಾಗೆ ತೇಲುತ್ತದೆ. ಅದರ ಆವಿ ಪೈಪಿನಲ್ಲೇ ಕೂತಿರುತ್ತದೆ. ಕ್ಸೈಲೀನಿನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಲು ಸುಮಾರು 27 ಡಿಗ್ರಿ ಶೆಕೆ ಸಾಕು. ಏಪ್ರಿಲ್-ಮೇಯಲ್ಲಿ ನಮ್ಮ ಹಿಂದಿನ ಕೋಣೆಗಳು 33-34 ದಾಟುತ್ತವೆ. ಅದೇ ಕೋಣೆಯಲ್ಲಿ ಕರೆಂಟು ಹೋದಾಗ ಬೇಕೆಂದು ಇನ್ವರ್ಟರ್ ಇಟ್ಟಿರುತ್ತಾರೆ. ಕ್ಸೈಲೀನ್ ಕ್ಯಾನ್ ಮತ್ತು ಇನ್ವರ್ಟರ್ ಅಕ್ಕಪಕ್ಕ ಕೂತಿರುವುದನ್ನು ನಾನು ಒಂದಲ್ಲ, ನಾಲ್ಕೈದು ಕಡೆ ನೋಡಿದ್ದೇನೆ. ನಿಮ್ಮಲ್ಲೂ ಹಾಗಿದ್ದರೆ ಈ ಉತ್ತರ ಓದುವುದು ನಿಲ್ಲಿಸಿ, ಹೋಗಿ ಬೇರೆ ಮಾಡಿ ಬನ್ನಿ.

"ಮಾಸ್ಕ್ ಹಾಕಿದ್ದೆ." ಇದು ನಿಮ್ಮ ಪತ್ರದಲ್ಲಿಲ್ಲ, ಆದರೆ ಎಲ್ಲ ಕಡೆ ಕೇಳುವ ಮಾತು. ಸರ್ಜಿಕಲ್ ಮಾಸ್ಕ್ ಆವಿ ತಡೆಯುವುದಿಲ್ಲ. ಎನ್95 ಕೂಡ ತಡೆಯುವುದಿಲ್ಲ, ಅದು ಕಣಗಳಿಗೆ ಇರುವುದು. ಕೋವಿಡ್ ಆದ ಮೇಲೆ ಮಾಸ್ಕಿನ ಮೇಲೆ ನಮ್ಮ ಜನಕ್ಕೆ ಅತಿ ಭರವಸೆ ಬಂದುಬಿಟ್ಟಿದೆ. ತೆಳು ಲ್ಯಾಟೆಕ್ಸ್ ಗ್ಲೌಸ್ ಕೂಡ ಹಾಗೇ. ರಕ್ತಕ್ಕೆ ಸರಿ, ಕ್ಸೈಲೀನ್ ಮತ್ತು ಕ್ಲೋರೋಫಾರ್ಮ್ ಅದನ್ನು ನಿಮಿಷಗಳಲ್ಲಿ ದಾಟಿ ಚರ್ಮಕ್ಕೆ ಬರುತ್ತವೆ. ನೈಟ್ರೈಲ್ ಗ್ಲೌಸ್ ಸ್ವಲ್ಪ ಮೇಲು, ಆದರೆ ಚೆಲ್ಲಿದ ಕೂಡಲೇ ತೆಗೆದು ಹೊಸದು ಹಾಕಬೇಕು.

ಇನ್ನೊಂದು ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. "ಆಟೋಕ್ಲೇವ್‌ಗೆ ಹಾಕಿಬಿಡಿ" ಎಂಬ ಮಾತು. ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರ. ರೋಗಾಣು ಬೆಳೆಸುವ ಕಲ್ಚರ್ ಪ್ಲೇಟಿಗೆ ಸರಿ. ಹೈಪೋದಲ್ಲಿ ನೆನೆಸಿದ್ದನ್ನು, ಫಾರ್ಮಲಿನ್ ಅಥವಾ ಕ್ಸೈಲೀನಿನಂಥ ಸಾಲ್ವೆಂಟ್ ಇರುವುದನ್ನು ಅದರೊಳಗೆ ಹಾಕಲೇಬಾರದು. 121 ಡಿಗ್ರಿಯಲ್ಲಿ ಅದು ಕಸ ಸುಡುವ ಯಂತ್ರ ಆಗುವುದಿಲ್ಲ, ವಿಷದ ಹಬೆ ಬಿಡುವ ಕುಕ್ಕರ್ ಆಗುತ್ತದೆ.

ಸರಿ, ಹೇಗೆ ಕಲಿಸುವುದು? ನಾನು ಮಾಡುವ ರೀತಿ ಹೇಳುತ್ತೇನೆ. ಹಾಲ್, ಪ್ರೊಜೆಕ್ಟರ್ ಬೇಡ. ಎರಡು ಗಂಟೆಯೂ ಬೇಡ.

ಮೊದಲ ದಿನ ಟೆಕ್ನಿಷಿಯನ್‌ಗಳನ್ನು ಮಾತ್ರ ಕರೆಯಿರಿ. ಒಂದು ಬಾಟ್ಲಿ ಆರಿಸಿ, ಫಾರ್ಮಲಿನ್ ಅಂತಿಟ್ಟುಕೊಳ್ಳಿ. ಅದು ಲ್ಯಾಬಿನ ಬಾಗಿಲು ದಾಟಿ ಬಂದಲ್ಲಿಂದ ಹೊರಗೆ ಹೋಗುವ ತನಕ ಅದರ ಹಿಂದೆ ನಡೆಯಿರಿ. ಎಲ್ಲಿ ತೆರೆಯುತ್ತಾರೆ, ಯಾರ ಕೈಗೆ ಹೋಗುತ್ತದೆ, ಬಳಸಿದ್ದು ಯಾವುದಕ್ಕೆ ಬೀಳುತ್ತದೆ, ಆ ಕ್ಯಾನ್ ಎಲ್ಲಿ ಕೂರುತ್ತದೆ, ಯಾರು ಎತ್ತುತ್ತಾರೆ, ಖಾಲಿ ಬಾಟ್ಲಿ ಎಲ್ಲಿಗೆ ಹೋಗುತ್ತದೆ. ಪ್ರತಿ ತಿರುವಿನಲ್ಲಿ ನಿಂತು ಕೇಳಿ: "ಇಲ್ಲಿ ಇದು ಏನೆಂದು ಗೊತ್ತಿಲ್ಲದವರು ಬಂದರೆ?" ಅರ್ಧ ಗಂಟೆಯಲ್ಲಿ ನಾನು ಒಂದು ವರ್ಷ ಭಾಷಣ ಮಾಡಿದರೂ ಬಾರದ ಸಂಗತಿಗಳು ಹೊರಗೆ ಬರುತ್ತವೆ. ಒಂದು ಕಡೆ ಹೀಗೆ ನಡೆದಾಗ ಕೊನೆಯ ತಿರುವು ಗುಜರಿ ಅಂಗಡಿಯಲ್ಲಿ ಮುಗಿಯಿತು. ಖಾಲಿ ಬಾಟ್ಲಿಗಳನ್ನು ತೊಳೆಯದೆ, ಲೇಬಲ್ ಹರಿಯದೆ ಮಾರುತ್ತಿದ್ದರು. ಒಳ್ಳೆ ದಪ್ಪ ಪ್ಲಾಸ್ಟಿಕ್ ಕ್ಯಾನ್, ಅಲ್ವಾ? ಅಲ್ಲಿಂದ ಯಾರದೋ ಮನೆಗೆ ಹೋಗಿ ಅದರಲ್ಲಿ ನೀರು ತುಂಬುತ್ತಾರೆ, ತೆಂಗಿನೆಣ್ಣೆ ತುಂಬುತ್ತಾರೆ.

ಆಮೇಲೆ ಹೆಸರು ಬರೆಯುವುದನ್ನು ಕಲಿಸಿ. ನಗಬೇಡಿ, ಇದಕ್ಕೇ ಒಂದು ಪೂರ್ತಿ ಪಾಠ ಬೇಕು. ಲೇಬಲ್ ಹಚ್ಚುವುದು ಕ್ಯಾನ್ ತುಂಬಿದ ಮೇಲಲ್ಲ, ಮೊದಲ ಹನಿ ಬೀಳುವ ಮೊದಲು. ರಾಸಾಯನಿಕ ಸೂತ್ರ ಬೇಡ, ಇಡೀ ಹೆಸರು, ಕನ್ನಡದಲ್ಲಿ. 'ಬಳಸಿದ ಫಾರ್ಮಲಿನ್', 'ಕಫದ ಸ್ಲೈಡ್ ತೊಳೆದದ್ದು, ಆ್ಯಸಿಡ್ ಇದೆ'. ಜೊತೆಗೆ ಶುರು ಮಾಡಿದ ತಾರೀಖು, ಸುರಿದವರ ಹೆಸರು. ಸುರಿದವರ ಹೆಸರು ಬರೆಸಲು ಶುರು ಮಾಡಿದ ವಾರವೇ ಕ್ಯಾನ್‌ಗಳು ತನ್ನಿಂತಾನೇ ಶಿಸ್ತಿಗೆ ಬರುತ್ತವೆ, ನೋಡಿ. ನಮ್ಮ ಊರಿಗೆ ಇನ್ನೊಂದು ಕಿವಿಮಾತು: ಜೂನ್ ಬಂದರೆ ಅಂಟಿಸಿದ ಕಾಗದ ಎಲ್ಲ ಕಿತ್ತು ಬರುತ್ತದೆ, ಶಾಯಿ ಇಳಿಯುತ್ತದೆ, ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ತಳ ಬಿಡುತ್ತದೆ. ಲ್ಯಾಮಿನೇಟ್ ಮಾಡಿದ ಚೀಟಿಯನ್ನು ಕ್ಯಾನ್‌ನ ಹಿಡಿಗೆ ದಾರದಿಂದ ಕಟ್ಟಿ. ಮಳೆಗಾಲ ಪೂರ್ತಿ ಇರುತ್ತದೆ.

ಮೂರನೆಯದು ಬಲೂನಿನ ಆಟ. ಇದನ್ನು ಎಲ್ಲರನ್ನೂ ಕರೆದು ಮಾಡಿ, ಆ ಅಕ್ಕನೂ ಇರಲಿ. ಒಂದು ಖಾಲಿ ನೀರಿನ ಬಾಟ್ಲಿಗೆ ಸ್ವಲ್ಪ ವಿನೆಗರ್ ಹಾಕಿ. ಬಲೂನಿನೊಳಗೆ ಎರಡು ಚಮಚ ಅಡುಗೆ ಸೋಡಾ ತುಂಬಿ. ಬಲೂನನ್ನು ಬಾಟ್ಲಿಯ ಬಾಯಿಗೆ ಸಿಕ್ಕಿಸಿ ಮೇಲೆತ್ತಿ, ಸೋಡಾ ಕೆಳಗೆ ಬೀಳಲಿ. ನೊರೆ ಬರುತ್ತದೆ, ಬಲೂನು ಊದಿಕೊಳ್ಳುತ್ತದೆ. ಈಗ ಕೇಳಿ: "ಬಲೂನಿನ ಬದಲು ಗಟ್ಟಿ ಮುಚ್ಚಳ ಇದ್ದಿದ್ದರೆ?" ಯಾರೂ ಉತ್ತರ ಹೇಳಬೇಕಿಲ್ಲ. ಕ್ಯಾನ್ ಮುಕ್ಕಾಲಿಗಿಂತ ಜಾಸ್ತಿ ತುಂಬಬಾರದು ಏಕೆ, ಎರಡು ಕ್ಯಾನ್ ಸೇರಿಸಬಾರದು ಏಕೆ ಎಂಬುದನ್ನು ಆಮೇಲೆ ವಿವರಿಸಬೇಕಾಗಿಯೂ ಇಲ್ಲ. ಅರಿಶಿನದ ನೀರಿಗೆ ಸುಣ್ಣದ ನೀರು ಹಾಕಿ ಕೆಂಪಾಗುವುದನ್ನೂ ತೋರಿಸಿ. ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ಓಕುಳಿ ಅದು. "ಮನೆಯಲ್ಲಿ ಎರಡು ಸೇರಿದರೆ ಬಣ್ಣ ಬದಲಾಗುತ್ತದೆ, ಇಲ್ಲಿ ಎರಡು ಸೇರಿದರೆ ಗಾಳಿ ಬದಲಾಗುತ್ತದೆ" ಎಂದರೆ ಸಾಕು.

ನಾಲ್ಕನೆಯದು ಚೆಲ್ಲಿದಾಗ ಏನು ಮಾಡುವುದು. ಬಾಟ್ಲಿಯಲ್ಲಿ ಬಣ್ಣದ ನೀರು ತುಂಬಿ, ಹೇಳದೆ ಕೇಳದೆ ನೆಲಕ್ಕೆ ಚೆಲ್ಲಿ, ಸುಮ್ನೆ ನಿಂತು ನೋಡಿ. ಹತ್ತರಲ್ಲಿ ಎಂಟು ಜನ ಬಟ್ಟೆ ಹಿಡಿದು ಓಡಿ ಬರುತ್ತಾರೆ. ಅದೇ ತಪ್ಪು. ಮೊದಲು ನಿಲ್ಲಬೇಕು, ಕೂಗಿ ಎಲ್ಲರಿಗೂ ತಿಳಿಸಬೇಕು, ಏನು ಚೆಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಗೊತ್ತಾಗದಿದ್ದರೆ ಅಥವಾ ಘಾಟು ಇದ್ದರೆ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳಬೇಕು. ಗೊತ್ತಿರುವ, ಸ್ವಲ್ಪವೇ ಚೆಲ್ಲಿರುವುದನ್ನು ಮಾತ್ರ ನಾವು ಮುಟ್ಟುವುದು. ಒಂದು ಬಕೆಟಿನಲ್ಲಿ ಒಣ ಮರಳು, ಒಂದು ಡಬ್ಬಿ ಅಡುಗೆ ಸೋಡಾ, ಉದ್ದ ಇಕ್ಕುಳ, ದಪ್ಪ ಗ್ಲೌಸ್, ಕನ್ನಡಕ. ಇಷ್ಟು ಬಾಗಿಲ ಹತ್ತಿರ ಇರಲಿ, ಒಳಗಿನ ಕಪಾಟಿನಲ್ಲಲ್ಲ. ಮರದ ಹೊಟ್ಟು ಬೇಡ. ನಮ್ಮಲ್ಲಿ ಮಿಲ್ಲಿನಿಂದ ಪುಕ್ಕಟೆ ಸಿಗುತ್ತದೆಂದು ತಂದಿಡುತ್ತಾರೆ. ನೈಟ್ರಿಕ್ ಆ್ಯಸಿಡ್ ಬಿದ್ದರೆ ಆ ಹೊಟ್ಟೇ ಹೊತ್ತಿಕೊಳ್ಳಬಹುದು. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಒಮ್ಮೆ ಗಡಿಯಾರ ಹಿಡಿದು ಮಾಡಿಸಿ. ಎರಡೇ ನಿಮಿಷಕ್ಕೆ "ಸಾಕು ಮಾರಾಯ್ರೆ" ಎನ್ನುತ್ತಾರೆ. 15 ನಿಮಿಷ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ.

ಭಾಷೆಯ ವಿಷಯ. ಕನ್ನಡದಲ್ಲಿ ಓದುವವರು ಇರಬಹುದು, ಕೇಳಿ ಅರ್ಥ ಮಾಡಿಕೊಳ್ಳುವುದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಇರಬಹುದು. ಅವರವರ ಭಾಷೆಯಲ್ಲಿ ಹೇಳುವವರು ನಿಮ್ಮ 14 ಜನರಲ್ಲೇ ಇದ್ದಾರೆ. ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಈ ಲೋಕದಲ್ಲಿ ಒಂದೇ ಉತ್ತರ ಇರುವುದು. "ಒಮ್ಮೆ ಮಾಡಿ ತೋರಿಸಿ" ಎನ್ನಿ.

ಇದೆಲ್ಲ ಒಂದೇ ದಿನ ಬೇಡ. ತಿಂಗಳಿಗೊಂದು, 15 ನಿಮಿಷ, ಕೆಲಸ ಮಾಡುವ ಜಾಗದಲ್ಲೇ. ಹೊಸಬರಿಗೆ ಮಾತ್ರ ಕ್ಯಾನ್ ಮುಟ್ಟುವ ಮೊದಲೇ. ಕಾನೂನೂ ಅದನ್ನೇ ಹೇಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೆ ಕನಿಷ್ಠ ಒಂದು ಸಲ ತರಬೇತಿ ಕೊಡಬೇಕು. 'ಕನಿಷ್ಠ' ಎಂಬ ಪದವನ್ನು ನಾವೆಲ್ಲ 'ಒಂದೇ ಸಲ' ಎಂದು ಓದಿಕೊಂಡಿದ್ದೇವೆ. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದೂ ಅದೇ ನಿಯಮದಲ್ಲಿದೆ. ಕಸ ಮುಟ್ಟುವ ಎಲ್ಲರಿಗೂ. ಗುತ್ತಿಗೆಯಲ್ಲಿ ಬಂದವರನ್ನು ಈ ಪಟ್ಟಿಯಿಂದ ಬಿಟ್ಟುಬಿಡುವುದು ನಮ್ಮಲ್ಲಿ ಮಾಮೂಲು.

ನಿಯಮದ ಬಗ್ಗೆ ಒಂದು ಗೊಂದಲ ಬಿಡಿಸುತ್ತೇನೆ. ನಿಮ್ಮಂಥ ಲ್ಯಾಬಿನ ಬಳಸಿದ ಫಾರ್ಮಲಿನ್, ಸ್ಟೇನ್ (ಸ್ಲೈಡಿಗೆ ಹಾಕುವ ಬಣ್ಣ) ತೊಳೆದ ನೀರು ಇವೆಲ್ಲ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದೊಳಗೇ ಬರುತ್ತವೆ. ದ್ರವವನ್ನು ಬೇರೆಯಾಗಿ ಸಂಗ್ರಹಿಸಿ, ಸಂಸ್ಕರಿಸಿದ ಮೇಲೆಯೇ ಬೇರೆ ನೀರಿಗೆ ಸೇರಿಸಬೇಕು. ಕಾಲೇಜು, ಕಾರ್ಖಾನೆ, ನೀರಿನ ಪರೀಕ್ಷೆಯ ಲ್ಯಾಬ್‌ಗಳಿಗೆ ಇರುವುದು 2016ರದ್ದೇ ಇನ್ನೊಂದು ನಿಯಮ, ಅಪಾಯಕಾರಿ ತ್ಯಾಜ್ಯದ್ದು. ಅಲ್ಲಿ ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಕೂಡಿಟ್ಟುಕೊಳ್ಳುವಂತಿಲ್ಲ. ನೀರಿನ ಸಿಒಡಿ ಪರೀಕ್ಷೆ (ನೀರು ಎಷ್ಟು ಕೊಳೆಯಾಗಿದೆ ಎಂದು ಅಳೆಯುವುದು) ಮಾಡುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಆ ಪುಟ್ಟ ಕೊಳವೆಯಲ್ಲಿ ಪಾದರಸ, ಕ್ರೋಮಿಯಂ, ಬೆಳ್ಳಿ, ಸಲ್ಫ್ಯೂರಿಕ್ ಆ್ಯಸಿಡ್ ನಾಲ್ಕೂ ಇವೆ. ಹೊಳೆಯ ನೀರು ಚೆನ್ನಾಗಿದೆಯಾ ಎಂದು ಪರೀಕ್ಷೆ ಮಾಡಿ, ಆ ಪರೀಕ್ಷೆಯ ಕಸವನ್ನು ಹೊಳೆಗೇ ಬಿಡಬೇಡಿ.

ಯಜಮಾನರ ಮಾತಿಗೆ ಬರೋಣ. ಹೊರಗಿನವರನ್ನು ಕರೆಸಬಹುದು. ನಾನೂ ಹಾಗೆ ಹೊರಗಿನಿಂದ ಹೋಗುವವನೇ, ಹೊಟ್ಟೆಪಾಡು. ಲಾಭ ಏನೆಂದರೆ ನಿಮ್ಮ ಕಣ್ಣಿಗೆ ಅಭ್ಯಾಸವಾಗಿ ಕಾಣದ್ದು ಅವರಿಗೆ ಕಾಣುತ್ತದೆ. ಅಪಾಯ ಏನೆಂದರೆ ಅವರು ಎಲ್ಲ ಕಡೆ ತೋರಿಸುವ ಸ್ಲೈಡನ್ನೇ ನಿಮಗೂ ತೋರಿಸಿ ಹೋಗುತ್ತಾರೆ. ಕರೆಸುವುದಾದರೆ ಒಂದು ಷರತ್ತು ಹಾಕಿ: ಹಿಂದಿನ ದಿನ ಬಂದು ಲ್ಯಾಬ್ ನೋಡಬೇಕು, ನಮ್ಮ ಕ್ಯಾನ್‌ಗಳ ಮುಂದೆ ನಿಂತೇ ಪಾಠ ಮಾಡಬೇಕು. ಒಪ್ಪದಿದ್ದರೆ ಆ ದುಡ್ಡಲ್ಲಿ ಒಳ್ಳೆ ಗ್ಲೌಸ್ ತನ್ನಿ.

ನೀವೇ ಕಲಿಸುವುದು ಇನ್ನೊಂದು ದಾರಿ. ಖರ್ಚಿಲ್ಲ, ಜಾಗ ನಿಮಗೆ ಗೊತ್ತು. ಆದರೆ ನಿಮ್ಮ ತಪ್ಪು ತಿಳಿವಳಿಕೆಯೂ 13 ಜನಕ್ಕೆ ಹಂಚಿಹೋಗುತ್ತದೆ. ಹಾಗಾಗಿ ಪ್ರತಿ ರಾಸಾಯನಿಕದ ಸೇಫ್ಟಿ ಡೇಟಾ ಶೀಟ್, ಅಂದರೆ ಕಂಪನಿಯವರು ಕೊಡುವ ಸುರಕ್ಷತೆಯ ಮಾಹಿತಿ ಪತ್ರ, ತರಿಸಿ. ಯಂತ್ರಕ್ಕೆ ಹಾಕುವ ರೀಏಜೆಂಟ್‌ಗಳದ್ದೂ ಬೇಕು, ಕಂಪನಿಯವರನ್ನು ಕೇಳಿದರೆ ಕೊಡಲೇಬೇಕು. ಅದರಲ್ಲಿ 16 ಭಾಗ ಇರುತ್ತದೆ. ಎಲ್ಲ ಓದುತ್ತಾ ಕೂರಬೇಡಿ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಆರನೆಯದು ಚೆಲ್ಲಿದರೆ ಏನು, ಹತ್ತನೆಯದು ಯಾವುದರ ಜೊತೆ ಸೇರಬಾರದು, ಹದಿಮೂರನೆಯದು ವಿಲೇವಾರಿ. ಈ ನಾಲ್ಕನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಕ್ಯಾನ್‌ಗಳ ಮೇಲಿನ ಗೋಡೆಗೆ ಹಾಕಿ. ಹಳೇ ಪ್ರಿಸರ್ವೇಟಿವ್‌ಗಳಲ್ಲಿ ಸೋಡಿಯಂ ಅಜೈಡ್ ಇದ್ದರೆ ಅದಕ್ಕೊಂದು ಕೆಂಪು ಗೆರೆ ಎಳೆಯಿರಿ. ಸೀಸ, ತಾಮ್ರದ ಪೈಪಿನಲ್ಲಿ ಅದು ಕೂಡಿಕೊಂಡರೆ ಸಿಡಿಯುವ ವಸ್ತುವಾಗುತ್ತದೆ. ಹಳೇ ರೀತಿಯ ಹಿಮೋಗ್ಲೋಬಿನ್ ಪರೀಕ್ಷೆಯ ಡ್ರಾಬ್ಕಿನ್ ದ್ರಾವಣದಲ್ಲಿ ಸಯನೈಡ್ ಇರುತ್ತದೆ, ಅದು ಆ್ಯಸಿಡ್ ಕ್ಯಾನ್‌ನ ಹತ್ತಿರಕ್ಕೂ ಬರಬಾರದು.

ನನ್ನನ್ನು ಕೇಳಿದರೆ ಎರಡೂ ಸೇರಿಸಿ. ಒಬ್ಬ ಟೆಕ್ನಿಷಿಯನ್, ಒಬ್ಬ ಅಟೆಂಡರ್, ಇಬ್ಬರನ್ನು ಚೆನ್ನಾಗಿ ತಯಾರು ಮಾಡಿ. ತಿಂಗಳ ಪಾಠ ಅವರದ್ದು. ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪ್ಪು ಹುಡುಕಲಿ. ಅಟೆಂಡರ್ ಯಾರೆಂದು ನನಗೆ ಈಗಲೇ ಗೊತ್ತು. '20 ವರ್ಷದಿಂದ ಏನಾಗಿದೆ' ಎಂದವರನ್ನೇ ಆರಿಸಿ. ಅವರು ಎದುರು ಮಾತಾಡುವವರು, ಲ್ಯಾಬಿನ ಮೂಲೆಮೂಲೆ ಬಲ್ಲವರು. ಅವರು ಒಪ್ಪಿದರೆ ಉಳಿದವರು ಒಪ್ಪುತ್ತಾರೆ. ಒಂದೇ ತೊಂದರೆ, ನಮ್ಮ ಲ್ಯಾಬ್‌ಗಳಲ್ಲಿ ಟೆಕ್ನಿಷಿಯನ್‌ಗಳು ವರ್ಷ ಎರಡು ವರ್ಷಕ್ಕೆ ಗಲ್ಫಿಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಹಾಗಾಗಿ ಮೂರನೆಯವರೊಬ್ಬರು ಕಲಿಯುತ್ತಾ ಇರಲಿ.

ಮತ್ತೆ ಒಂದು ನೋಟ್‌ಬುಕ್ ಇಡಿ. 'ಸ್ವಲ್ಪದರಲ್ಲಿ ತಪ್ಪಿತು' ಎಂಬಂಥದ್ದನ್ನೆಲ್ಲ ಅದರಲ್ಲಿ ಬರೆಯಲಿ. ಹೆಸರು ಬೇಡ, ಬೈಗುಳ ಬೇಡ, ಸಂಬಳ ಕಡಿತವಂತೂ ಬೇಡವೇ ಬೇಡ. ಮೊದಲ ಬಾರಿ ಬರೆದವರಿಗೆ ಬೈದರೆ ಆ ಪುಸ್ತಕ ಖಾಲಿಯಾಗಿಯೇ ಇರುತ್ತದೆ, ಎಲ್ಲ ಸರಿಯಿದೆ ಎಂದು ನಿಮಗೆ ಅನ್ನಿಸುತ್ತಲೂ ಇರುತ್ತದೆ.

ಕೊನೆಗೆ ಆ ಅಕ್ಕ. ಅವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. "ಹೆದರಬೇಡಿ" ಎಂದು ಹೇಳಬೇಡಿ, ಅವರು ಹೆದರಿದ್ದು ಸರಿಯಾಗಿಯೇ ಇದೆ. ಮೊದಲು ಆದದ್ದು ಏನೆಂದು ಅವರಿಗೆ ಅರ್ಥವಾಗುವ ಹಾಗೆ ಹೇಳಿ. ಅದು ಯಾವ ನೀರು, ಯಾಕೆ ಬಣ್ಣ ಹೋಯಿತು, ಯಾಕೆ ಉಸಿರು ಕಟ್ಟಿತು, ಎಲ್ಲವನ್ನೂ. ಹೆಸರು ಬರೆಯದ್ದು ನಮ್ಮ ತಪ್ಪು ಎಂಬುದನ್ನೂ ಎಲ್ಲರೆದುರು ಹೇಳಿ. ಆಮೇಲೆ ಕೋಣೆ ಸರಿಮಾಡಿ, ಆ್ಯಸಿಡ್ ಒಂದು ಗೋಡೆಗೆ, ಹೈಪೋ ಎದುರು ಗೋಡೆಗೆ, ಕ್ಸೈಲೀನ್ ಬೇರೆ ಕಡೆಗೆ ಇಟ್ಟು, ಚೀಟಿ ಕಟ್ಟಿ, ಅವರ ಜೊತೆ ನೀವೂ ಒಳಗೆ ಹೋಗಿ. ಅವರಿಗೆ ಎರಡು ಅಧಿಕಾರ ಕೊಡಿ. ಒಂದು, ಯಾವ ಕಾರಣಕ್ಕೂ ಒಂದು ಕ್ಯಾನ್‌ನಿಂದ ಇನ್ನೊಂದಕ್ಕೆ ಸುರಿಯುವುದಿಲ್ಲ ಎನ್ನುವುದು. ಜಾಗ ಸಾಲದಿದ್ದರೆ ಅದು ನಿಮ್ಮ ತಲೆನೋವು, ಅವರದ್ದಲ್ಲ. ಎರಡು, ಚೀಟಿ ಇಲ್ಲದ ಕ್ಯಾನ್ ಎತ್ತುವುದಿಲ್ಲ ಎನ್ನುವುದು.

ಒಂದು ದಿನ ಅವರು ನಿಜವಾಗಿಯೂ ಎತ್ತುವುದಿಲ್ಲ ಎನ್ನುತ್ತಾರೆ. ಅದು ಸೋಮವಾರ ಬೆಳಿಗ್ಗೆಯೇ ಆಗಿರುತ್ತದೆ. ಹೊರಗೆ ಖಾಲಿ ಹೊಟ್ಟೆಯಲ್ಲಿ ಮೂವತ್ತು ಜನ ಕೂತಿರುತ್ತಾರೆ, ಕಸದ ಗಾಡಿ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿರುತ್ತದೆ, ಟೆಕ್ನಿಷಿಯನ್ ಸಿಡಿಮಿಡಿ ಮಾಡುತ್ತಿರುತ್ತಾನೆ. ಆಗ ನೀವು ಮಾರ್ಕರ್ ಪೆನ್ ತೆಗೆದು ಅವನ ಕೈಗೆ ಕೊಡಿ. ಗಾಡಿಯವರಿಗೆ ಐದು ನಿಮಿಷ ಕಾಯಲು ನಾನು ಹೇಳಿದ್ದೇನೆ ಎನ್ನಿ.